ಎರಡು ದಿನ ತಡವಾಗಿ ಬಂದರೆ ಏನಾಗುತ್ತದೆ?

ಸ್ಪೇನ್ ದೇಶದಲ್ಲಿ 2003ರಲ್ಲಿ ‘ಪ್ರೆಡಿಮೆಡ್’ ಎಂಬ ದೊಡ್ಡ ಅಧ್ಯಯನವೊಂದು ಶುರುವಾಯಿತು. ಆಲಿವ್ ಎಣ್ಣೆ, ಬಾದಾಮಿ, ಅಕ್ರೋಟು ಹೆಚ್ಚಾಗಿರುವ ಮೆಡಿಟರೇನಿಯನ್ ಸೀಮೆಯ ಊಟದಿಂದ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗುತ್ತವೆಯೇ ಎಂದು ನೋಡುವುದು ಅದರ ಉದ್ದೇಶ. 7,447 ಜನ ಸೇರಿದರು, ಎಲ್ಲರೂ ಐವತ್ತೈದು ಮುಟ್ಟಿದವರು. ಅವರನ್ನು ಲಾಟರಿ ಹಾಕಿ ಮೂರು ಗುಂಪು ಮಾಡಬೇಕಿತ್ತು. ಒಂದು ಗುಂಪಿನ ಮನೆಗಳಿಗೆ ವಾರಕ್ಕೆ ಒಂದು ಲೀಟರ್ ಆಲಿವ್ ಎಣ್ಣೆ ಪುಕ್ಕಟೆ. ಇನ್ನೊಂದು ಗುಂಪಿನವರಿಗೆ ದಿನಕ್ಕೆ 30 ಗ್ರಾಂ ಬಾದಾಮಿ, ಅಕ್ರೋಟಿನಂಥ ಬೀಜಗಳು. ಮೂರನೆಯವರಿಗೆ ಕೊಬ್ಬು ಕಡಿಮೆ ತಿನ್ನಿ ಎಂಬ ಸಲಹೆ ಮತ್ತು ಸಣ್ಣಪುಟ್ಟ ಉಡುಗೊರೆ.

ಹನ್ನೊಂದು ಕೇಂದ್ರಗಳಲ್ಲಿ ಒಂದು ಕಡೆ ಜನ ತಕರಾರು ತೆಗೆದರು. ಪಕ್ಕದ ಮನೆಯವರಿಗೆ ಎಣ್ಣೆ ಕೊಟ್ಟಿದ್ದೀರಿ, ನಮಗೆ ಯಾಕಿಲ್ಲ? ಚಿಕ್ಕ ಊರು, ಎಲ್ಲರಿಗೂ ಎಲ್ಲರ ಮನೆಯ ವಿಷಯ ಗೊತ್ತು. ಅಲ್ಲಿನ ಸಂಶೋಧಕರು ಒಂದೊಂದು ಕ್ಲಿನಿಕ್ಕಿಗೆ ಬರುವವರಿಗೆಲ್ಲ ಒಂದೇ ಬಗೆಯದನ್ನು ಹಂಚಿಬಿಟ್ಟರು. ಊರಿನ ಗೊಣಗಾಟ ನಿಂತಿತು, ಲಾಟರಿ ಮುರಿಯಿತು. ಮುಖ್ಯ ತಂಡಕ್ಕೆ ಈ ವಿಷಯ ಹೋಗಲೇ ಇಲ್ಲ.

2013ರಲ್ಲಿ ಫಲಿತಾಂಶ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಅಪಾಯ ಸುಮಾರು ಶೇ. 30ರಷ್ಟು ಕಡಿಮೆ ಎಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. 2017ರಲ್ಲಿ ಜಾನ್ ಕಾರ್ಲೈಲ್ ಎಂಬ ಬ್ರಿಟಿಷ್ ಅರಿವಳಿಕೆ ವೈದ್ಯರು ಸಾವಿರಾರು ಪ್ರಯೋಗಗಳ ಅಂಕಿಗಳನ್ನು ಜಾಲಾಡಿದಾಗ, ಈ ಅಧ್ಯಯನದ ಗುಂಪುಗಳು ನಿಜವಾದ ಲಾಟರಿಯಿಂದ ಬಂದಂತೆ ಕಾಣಲಿಲ್ಲ. ಮುಖ್ಯ ತಂಡ ಹಿಂದಕ್ಕೆ ಹೋಗಿ ಕೆದಕಿ ನೋಡಿತು. ಆ ಕೇಂದ್ರದ ಕಥೆ ಹೊರಬಿತ್ತು. ಬೇರೆ ಕಡೆಗಳಲ್ಲಿ ಒಂದೇ ಮನೆಯ ಗಂಡ ಹೆಂಡತಿಯನ್ನು ಲಾಟರಿಯಿಲ್ಲದೆ ಒಂದೇ ಗುಂಪಿಗೆ ಹಾಕಿದ್ದೂ ಗೊತ್ತಾಯಿತು. ಒಟ್ಟು 1,588 ಜನರ ಲೆಕ್ಕ ಅನುಮಾನಕ್ಕೆ ಸಿಕ್ಕಿತು. 2018ರ ಜೂನ್‌ನಲ್ಲಿ ಲೇಖನವನ್ನು ಹಿಂದೆಗೆದುಕೊಂಡು, ಲೆಕ್ಕವನ್ನು ಮತ್ತೆ ಮಾಡಿ, ಭಾಷೆಯನ್ನು ತಗ್ಗಿಸಿ ಪುನಃ ಪ್ರಕಟಿಸಿದರು. ಅಂಕಿಗಳು ಬಹಳವೇನೂ ಬದಲಾಗಲಿಲ್ಲ. ಆದರೆ ಮೊದಲಿನ ಗಟ್ಟಿ ದನಿಯಲ್ಲಿ ‘ಈ ಊಟದಿಂದಲೇ’ ಎನ್ನುವ ಹಕ್ಕು ಹೋಯಿತು.

ಆ ಕೇಂದ್ರದ ಸಂಶೋಧಕರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಜನರ ಎದುರು ಕೂತವರಿಗೆ ಆ ಒತ್ತಡ ಏನೆಂದು ಗೊತ್ತು. ನಾನು ನರ್ಸಿಂಗ್ ಓದಿ ವಾರ್ಡಿನಲ್ಲಿ ಕೆಲಸ ಮಾಡಿ, ಈಗ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಸ್ಟಡಿ ಕೋ-ಆರ್ಡಿನೇಟರ್ ಆಗಿದ್ದೇನೆ. ಹೊಸ ಔಷಧಿಗಳ ಕ್ಲಿನಿಕಲ್ ಟ್ರಯಲ್ ನಡೆಯುವಾಗ ರೋಗಿಗಳಿಗೆ ಫೋನ್ ಮಾಡಿ ಕರೆಸುವುದು, ಒಪ್ಪಿಗೆ ಪತ್ರ ಓದಿ ವಿವರಿಸುವಾಗ ವೈದ್ಯರ ಜೊತೆ ಕೂರುವುದು, ಮಾತ್ರೆ ಎಣಿಸುವುದು, ರಕ್ತದ ಮಾದರಿ ಪ್ಯಾಕ್ ಮಾಡಿ ಕಳಿಸುವುದು, ಎಲ್ಲವನ್ನೂ ಬರೆದಿಡುವುದು ನನ್ನ ಕೆಲಸ. ಟ್ರಯಲ್ ಹೇಗೆ ನಡೆಯಬೇಕೆಂದು ಬರೆದ ದಪ್ಪ ಪುಸ್ತಕಕ್ಕೆ ಪ್ರೋಟೊಕಾಲ್ ಎನ್ನುತ್ತೇವೆ. ಅದರಲ್ಲಿ ಬರೆದದ್ದಕ್ಕೂ ನಿಜವಾಗಿ ನಡೆದದ್ದಕ್ಕೂ ವ್ಯತ್ಯಾಸ ಬಂದರೆ ಅದು ಡೀವಿಯೇಶನ್. ಸಣ್ಣದಿರಲಿ ದೊಡ್ಡದಿರಲಿ, ಡೀವಿಯೇಶನ್ ಇಲ್ಲದ ಟ್ರಯಲ್ಲನ್ನು ನಾನು ನೋಡಿಲ್ಲ.

ಒಂದು ಬೆಳಗ್ಗೆಯ ಮಾತು. ಸಕ್ಕರೆ ಕಾಯಿಲೆಯ ಮಾತ್ರೆಯ ಟ್ರಯಲ್, ಒಟ್ಟು 24 ವಾರದ್ದು. ಜಗಳೂರು ಕಡೆಯ ರೈತರೊಬ್ಬರು 28ನೇ ದಿನಕ್ಕೆ ಬರಬೇಕು, ಮೂರು ದಿನ ಹಿಂದೆ ಮುಂದೆ ಆದರೆ ನಡೆಯುತ್ತದೆ. ಅವರು ಬಂದದ್ದು 33ನೇ ದಿನ. “ಮೆಕ್ಕೆಜೋಳ ಮುರೀತಿದ್ವಿ ಮೇಡಂ, ಆಳು ಸಿಗಲ್ಲ, ನಾನೊಬ್ನೇ” ಅಂದರು. ಬಾಟಲಿ ತೆಗೆದು ನೋಡಿದೆ, ಖಾಲಿ. ಕೊಟ್ಟದ್ದು 32 ಮಾತ್ರೆ, ದಿನಕ್ಕೊಂದು. ಅಂದರೆ ಆ ದಿನದ ಮಾತ್ರೆ ತಪ್ಪಿದೆ. “ಬೆಳಗ್ಗೆಯಿಂದ ಏನಾದರೂ ತಿಂದಿದ್ದೀರಾ?” ಎಂದು ಕೇಳಿದೆ. “ಏನೂ ಇಲ್ಲ ಮೇಡಂ, ಖಾಲಿ ಹೊಟ್ಟೆ. ಬಸ್‌ಸ್ಟ್ಯಾಂಡಲ್ಲಿ ಬರೀ ಚಾ ಕುಡ್ದೆ.” ಹಾಲು ಸಕ್ಕರೆ ಹಾಕಿದ ಚಾ. ತೋಳಿಗೆ ಬಿ.ಪಿ. ಪಟ್ಟಿ ಸುತ್ತುವಾಗ ಅವರಾಗಿಯೇ ಇನ್ನೊಂದು ಮಾತು ಹೇಳಿದರು: “ಮೊಣಕಾಲು ಬಾಳ ನೋಯ್ತಿತ್ತು, ಊರಲ್ಲಿ ಡಾಕ್ಟ್ರತ್ರ ಒಂದ್ ಸೂಜಿ ಹಾಕಿಸ್ಕಂಡೆ. ಮಾರನೇ ದಿನವೇ ಹೊಲಕ್ಕೆ ಹೋದೆ ನೋಡ್ರಿ.”

ಒಬ್ಬರೇ ಮನುಷ್ಯ, ಒಂದೇ ಭೇಟಿ, ನಾಲ್ಕು ಡೀವಿಯೇಶನ್: ಎರಡು ದಿನ ತಡ, ಒಂದು ಮಾತ್ರೆ ತಪ್ಪಿದ್ದು, ಚಾ, ಮಂಡಿಯ ಇಂಜೆಕ್ಷನ್. ನಾಲ್ಕನ್ನೂ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಯಾವ ದಿನ ನಡೆಯಿತು, ನಮಗೆ ಯಾವ ದಿನ ಗೊತ್ತಾಯಿತು, ಯಾಕಾಯಿತು, ನಾವೇನು ಮಾಡಿದೆವು, ಸಹಿ. ಬರೆಯುವುದು ಕಷ್ಟವಲ್ಲ. ಇವುಗಳಲ್ಲಿ ಯಾವುದು ಮುಖ್ಯ ಎಂದು ತೀರ್ಮಾನಿಸುವುದು ಕಷ್ಟ.

ಬಹಳ ಕಾಲ ಈ ತೀರ್ಮಾನ ಆಯಾ ಮನುಷ್ಯರ ಮನಸ್ಸಿಗೆ ಬಿಟ್ಟದ್ದಾಗಿತ್ತು. ಟ್ರಯಲ್ ನಡೆಸುವ ಔಷಧ ಕಂಪನಿಯ ಪರವಾಗಿ ಬಂದು ನಮ್ಮ ದಾಖಲೆ ಪರಿಶೀಲಿಸುವವರಿಗೆ ಮಾನಿಟರ್ ಎನ್ನುತ್ತಾರೆ. ಒಬ್ಬ ಮಾನಿಟರ್ ಎರಡು ದಿನ ತಡವಾದದ್ದನ್ನೂ ‘ಮೇಜರ್’ ಎಂದು ಬರೆಯುತ್ತಿದ್ದರು. ಅವರ ಜಾಗಕ್ಕೆ ಬಂದವರು ಅಂಥದ್ದನ್ನೆಲ್ಲ ‘ಮೈನರ್’ ಎಂದು ದಾಟಿಸುತ್ತಿದ್ದರು. ಒಂದೇ ಟ್ರಯಲ್ ನೂರು ಆಸ್ಪತ್ರೆಗಳಲ್ಲಿ, ಹತ್ತು ದೇಶಗಳಲ್ಲಿ ನಡೆಯುವಾಗ ಹೀಗಾದರೆ ಕೊನೆಗೆ ಕೂಡಿಸುವ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ. ಎಲ್ಲವನ್ನೂ ಮೇಜರ್ ಎಂದರೆ ಇನ್ನೊಂದು ಅಪಾಯ. ಸಾವಿರ ಸಾಲುಗಳ ಪಟ್ಟಿಯಲ್ಲಿ ಚಾ ಕುಡಿದವರ ನಡುವೆ ನಿಜವಾಗಿ ಕೆಟ್ಟದ್ದಾದ ಒಂದು ಸಾಲು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ.

ಇದಕ್ಕೆಂದೇ ಈಗ ಟ್ರಯಲ್ ಶುರುವಾಗುವ ಮೊದಲೇ ಒಂದು ಪ್ರತ್ಯೇಕ ದಾಖಲೆ ತಯಾರಾಗುತ್ತದೆ. ಪ್ರೋಟೊಕಾಲ್ ಡೀವಿಯೇಶನ್ ಅಸೆಸ್‌ಮೆಂಟ್ ಪ್ಲಾನ್ ಎಂದು ಹೆಸರು. ಔಷಧ ಕಂಪನಿಗಳು 2012ರಲ್ಲಿ ಸೇರಿ ಕಟ್ಟಿಕೊಂಡ ‘ಟ್ರಾನ್ಸ್‌ಸೆಲರೇಟ್’ ಎಂಬ ಲಾಭರಹಿತ ಕೂಟ ಇದಕ್ಕೊಂದು ಸಿದ್ಧ ನಮೂನೆಯನ್ನು ಮಾಡಿಕೊಟ್ಟಿದೆ. ಈ ಟ್ರಯಲ್ಲಿನ ಜೀವಾಳ ಯಾವುದು, ಯಾವ ಅಳತೆ ಕೆಟ್ಟರೆ ಇಡೀ ಉತ್ತರ ಕೆಡುತ್ತದೆ, ಯಾವ ಯಾವ ಡೀವಿಯೇಶನ್ ಬರಬಹುದು, ಅವುಗಳಲ್ಲಿ ಮುಖ್ಯವಾದವು ಯಾವುವು, ಯಾರು ಎಷ್ಟು ದಿನಕ್ಕೊಮ್ಮೆ ಪಟ್ಟಿಯನ್ನು ಕೂತು ನೋಡಬೇಕು, ಒಂದೇ ತಪ್ಪು ಮರುಕಳಿಸಿದರೆ ಯಾರಿಗೆ ಹೇಳಬೇಕು, ಎಲ್ಲವೂ ಅದರಲ್ಲಿ ಬರೆದಿರುತ್ತದೆ. ಕಬಡ್ಡಿ ಅಂಕಣದ ಗೆರೆಯನ್ನು ಆಟ ಮುಗಿದ ಮೇಲೆ ಯಾರೂ ಎಳೆಯುವುದಿಲ್ಲವಲ್ಲ, ಅದೇ ನ್ಯಾಯ ಇಲ್ಲಿಯದು.

‘ಮುಖ್ಯ’ ಎನ್ನುವುದಕ್ಕೂ ಒಂದು ಒಪ್ಪಿತ ಅಳತೆಗೋಲಿದೆ. ಔಷಧ ನಿಯಂತ್ರಣದ ಅಂತರರಾಷ್ಟ್ರೀಯ ವೇದಿಕೆಯಾದ ಐ.ಸಿ.ಎಚ್. 2012ರಲ್ಲಿ ಅದನ್ನು ಸ್ಪಷ್ಟಪಡಿಸಿತು. ಅಧ್ಯಯನದ ಮಾಹಿತಿಯ ಪೂರ್ಣತೆ, ನಿಖರತೆ, ವಿಶ್ವಾಸಾರ್ಹತೆಗೆ ಗಣನೀಯ ಪೆಟ್ಟು ಬೀಳಬಹುದಾದದ್ದು ಮುಖ್ಯ. ಭಾಗವಹಿಸಿದವರ ಹಕ್ಕು, ಸುರಕ್ಷತೆ, ಕ್ಷೇಮಕ್ಕೆ ಗಣನೀಯ ಪೆಟ್ಟು ಬೀಳಬಹುದಾದದ್ದೂ ಮುಖ್ಯ. ಉಳಿದವನ್ನು ದಾಖಲಿಸಿದರೆ ಸಾಕು. 2025ರ ಜನವರಿಯಲ್ಲಿ ಅಂತಿಮಗೊಂಡ ಐ.ಸಿ.ಎಚ್.ನ ಹೊಸ ಜಿ.ಸಿ.ಪಿ. (ಟ್ರಯಲ್ ನಡೆಸುವ ಉತ್ತಮ ಕ್ರಮದ) ಮಾರ್ಗಸೂಚಿ, ಆಯಾ ಟ್ರಯಲ್ಲಿಗೆ ತಕ್ಕಂತೆ ಈ ಮಾನದಂಡಗಳನ್ನು ಸ್ಪಾನ್ಸರ್, ಅಂದರೆ ಟ್ರಯಲ್ ನಡೆಸುವ ಕಂಪನಿ, ನಿರ್ಧರಿಸಬೇಕು ಎಂದು ಹೇಳಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌.ಡಿ.ಎ. ಕೂಡ 2024ರ ಡಿಸೆಂಬರ್‌ನಲ್ಲಿ ಡೀವಿಯೇಶನ್‌ಗಳ ಬಗ್ಗೆಯೇ ಒಂದು ಕರಡು ಮಾರ್ಗಸೂಚಿ ಹೊರಡಿಸಿತು.

ಈ ಅಳತೆಗೋಲನ್ನು ಜಗಳೂರಿನ ರೈತರ ಪಕ್ಕ ಇಟ್ಟು ನೋಡಿ. ಆ ಟ್ರಯಲ್ಲಿನ ಮುಖ್ಯ ಅಳತೆ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ಪರೀಕ್ಷೆ. ಅದಕ್ಕೆ ಖಾಲಿ ಹೊಟ್ಟೆಯೇ ಬೇಕಿಲ್ಲ. ಹಾಗಾಗಿ ಬಸ್‌ಸ್ಟ್ಯಾಂಡಿನ ಚಾ ಆ ದಿನದ ಫಾಸ್ಟಿಂಗ್ ಶುಗರ್ ಅಂಕಿಯನ್ನು ಕೆಡಿಸಿತೇ ಹೊರತು ಮುಖ್ಯ ಅಳತೆಯನ್ನಲ್ಲ. ನಡುವಿನ ಭೇಟಿಗೆ ಎರಡು ದಿನ ತಡವಾದದ್ದೂ, ತಿಂಗಳಲ್ಲಿ ಒಂದು ಮಾತ್ರೆ ತಪ್ಪಿದ್ದೂ ಉತ್ತರವನ್ನು ಅಲುಗಿಸುವುದಿಲ್ಲ. ಆದರೆ ಮೊಣಕಾಲಿನ ಸೂಜಿ? ಆ ಡಾಕ್ಟರಿಗೆ ಫೋನ್ ಮಾಡಿ ವಿಚಾರಿಸಿದಾಗ ಅದು ಸ್ಟೀರಾಯ್ಡ್ ಎಂದು ಗೊತ್ತಾಯಿತು. ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ. ಈ ಟ್ರಯಲ್ಲಿನಲ್ಲಿ ಅದು ನಿಷೇಧಿತ ಔಷಧಿಗಳ ಪಟ್ಟಿಯಲ್ಲಿತ್ತು, ಪ್ಲಾನಿನಲ್ಲಿ ‘ಮುಖ್ಯ’ ಎಂದು ಮೊದಲೇ ಗುರುತಾಗಿತ್ತು. ನಾಲ್ಕರಲ್ಲಿ ರೋಗಿಗೆ ಅತ್ಯಂತ ಮಾಮೂಲಿ ಎನಿಸಿದ್ದೇ, ಬಿ.ಪಿ. ನೋಡುವಾಗ ಬಾಯಿಗೆ ಬಂದ ಮಾತೇ, ಎಲ್ಲಕ್ಕಿಂತ ಭಾರವಾದದ್ದು.

ಇದೇ ಚಾ ಇನ್ನೊಂದು ಟ್ರಯಲ್ಲಿನಲ್ಲಿ, ಊಟವಿಲ್ಲದ ಹೊತ್ತಿನ ಸಕ್ಕರೆಯೇ ಮುಖ್ಯ ಅಳತೆಯಾಗಿರುವಲ್ಲಿ, ಮುಖ್ಯ ಡೀವಿಯೇಶನ್ ಆಗುತ್ತದೆ. ಹೀಗಾಗಿ ‘ಚಾ ಅಂದರೆ ಮೈನರ್, ಸೂಜಿ ಅಂದರೆ ಮೇಜರ್’ ಎಂದು ಎಲ್ಲ ಕಾಲಕ್ಕೂ ಒಂದೇ ಪಟ್ಟಿ ಮಾಡಿಟ್ಟುಕೊಂಡು ಕೂರಲಾಗುವುದಿಲ್ಲ. ನಮೂನೆ ಒಂದೇ, ಅದರಲ್ಲಿ ತುಂಬುವುದು ಟ್ರಯಲ್ಲಿನಿಂದ ಟ್ರಯಲ್ಲಿಗೆ ಬೇರೆ.

ಅಂಕಿಗಳಿಗೆ ಏನೂ ಆಗದೆಯೂ ಮುಖ್ಯವಾಗುವ ಡೀವಿಯೇಶನ್‌ಗಳಿವೆ. ಟ್ರಯಲ್ ನಡುವೆ ಔಷಧಿಯ ಹೊಸ ಅಡ್ಡಪರಿಣಾಮವೊಂದು ಗೊತ್ತಾಗಿ ಒಪ್ಪಿಗೆ ಪತ್ರ ಬದಲಾಯಿತು ಎಂದುಕೊಳ್ಳಿ. ಅದನ್ನು ರೋಗಿಗೆ ವಿವರಿಸಿ ಮತ್ತೆ ಸಹಿ ಪಡೆಯದೆ ಮುಂದಿನ ಪರೀಕ್ಷೆಗೆ ರಕ್ತ ತೆಗೆದರೆ ರಕ್ತದ ಅಂಕಿ ಸರಿಯಾಗಿಯೇ ಬರುತ್ತದೆ. ಆ ಮನುಷ್ಯನಿಗೆ ತಿಳಿದು ಒಪ್ಪುವ, ಅಥವಾ ಬೇಡವೆನ್ನುವ ಹಕ್ಕು ಮಾತ್ರ ತಪ್ಪಿಹೋಗಿರುತ್ತದೆ. ಓದಲು ಬಾರದವರ ಒಪ್ಪಿಗೆಗೆ ಟ್ರಯಲ್ಲಿಗೆ ಸಂಬಂಧಪಡದ ಸಾಕ್ಷಿಯೊಬ್ಬರು ಇರಲೇಬೇಕು. ಅವರಿಲ್ಲದೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದನ್ನು ನಾನು ಯಾವ ಪ್ಲಾನಿನಲ್ಲೂ ಸಣ್ಣದೆಂದು ಒಪ್ಪಲಾರೆ.

ಎಲ್ಲಕ್ಕಿಂತ ಹೆಚ್ಚು ಮನಸ್ಸು ಹಿಂಡುವುದು ಸೇರಿಸಿಕೊಳ್ಳುವ ಹಂತ. ಅದೇ ಟ್ರಯಲ್ಲಿಗೆ ಒಬ್ಬ ತಾಯಿಯನ್ನು ಮಗ ಕರೆದುಕೊಂಡು ಬಂದಿದ್ದ. ಮೂತ್ರಪಿಂಡ ರಕ್ತ ಸೋಸುವ ಪ್ರಮಾಣ 45ಕ್ಕಿಂತ ಕೆಳಗಿರಬಾರದು ಎಂದು ಪ್ರೋಟೊಕಾಲ್. ಅವರದು 43. “ಅಕ್ಕಾ, ಎರಡೇ ಪಾಯಿಂಟಲ್ವಾ? ಔಷಧಿ ಪುಕ್ಕಟೆ ಸಿಗುತ್ತೆ ಅಂತ ಸಾಲ ಮಾಡಿ ಬಂದೀವಿ. ಹೆಂಗಾದ್ರೂ ಸೇರಿಸ್ಕಳ್ರಿ.” ಆಗ ವೈದ್ಯರೂ ನಾನೂ ಇಲ್ಲವೆಂದೆವು. ಆ ಗೆರೆ ಎಳೆದದ್ದು ಲೆಕ್ಕದ ಅಂದಕ್ಕಲ್ಲ. ಆ ಔಷಧಿ ಮೂತ್ರಪಿಂಡದ ಮೂಲಕ ಹೊರಹೋಗುವಂಥದ್ದು, ಸೋಸುವ ಶಕ್ತಿ ಕಡಿಮೆಯಿದ್ದವರ ಮೈಯಲ್ಲಿ ಅದು ಉಳಿದು ಹೆಚ್ಚಾಗಬಹುದು. ಕರುಣೆಯಿಂದ ಮಾಡಿದ ವಿನಾಯಿತಿಯೇ ಅವರಿಗೆ ಮುಳುವಾಗಬಹುದಿತ್ತು. ಅವರನ್ನು ನಮ್ಮ ಮೆಡಿಸಿನ್ ಹೊರರೋಗಿ ವಿಭಾಗಕ್ಕೆ ಕರೆದೊಯ್ದು ಚಿಕಿತ್ಸೆಗೆ ಹಚ್ಚಿದೆವು. ಅರ್ಹತೆ ಇಲ್ಲದವರನ್ನು ಸೇರಿಸಿಕೊಂಡದ್ದು ಯಾವಾಗಲೂ ಮುಖ್ಯ ಡೀವಿಯೇಶನ್‌ಗಳ ಪಟ್ಟಿಯ ತುದಿಯಲ್ಲಿ ಇರುವುದು ಇದಕ್ಕೇ.

ಭಾರತದ ಕಾನೂನೂ ಇಲ್ಲಿ ಗಟ್ಟಿಯಾಗಿದೆ. 2019ರ ‘ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ’ ಪ್ರಕಾರ ಅನುಮತಿ ಪಡೆದ ಪ್ರೋಟೊಕಾಲನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ರೋಗಿಗೆ ತಕ್ಷಣದ ಅಪಾಯ ತಪ್ಪಿಸಲು ಪ್ರೋಟೊಕಾಲ್ ಮೀರಬೇಕಾಗಿ ಬಂದರೆ ಮೀರಬಹುದು, ಕೂಡಲೇ, ಟ್ರಯಲ್ ನೈತಿಕವಾಗಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿಗೂ ಕೇಂದ್ರ ಔಷಧ ನಿಯಂತ್ರಕರಿಗೂ ತಿಳಿಸಬೇಕು. ಈ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರುತ್ತಾರೆ. ಅಧ್ಯಕ್ಷರು ಆ ಸಂಸ್ಥೆಗೆ ಸೇರಿದವರಾಗಿರಬಾರದು, ಸದಸ್ಯರಲ್ಲಿ ಒಬ್ಬರು ಜನಸಾಮಾನ್ಯರೂ ಇರಲೇಬೇಕು. ನಮ್ಮ ಕಮಿಟಿಯ ಸಭೆಗಳಲ್ಲಿ ಅತ್ಯಂತ ಚುರುಕಾದ ಪ್ರಶ್ನೆಗಳು ಬರುವುದು ಎಷ್ಟೋ ಸಲ ವೈದ್ಯರಲ್ಲದ ಆ ಸದಸ್ಯರಿಂದ.

ಗೆರೆಯನ್ನು ಮೊದಲೇ ಎಳೆಯಬೇಕೆಂದು ಇಷ್ಟು ಹಟ ಯಾಕೆ? ಇನ್ನೂರು ಜನರ ಟ್ರಯಲ್ ಮುಗಿದು, ಯಾರಿಗೆ ಹೊಸ ಮಾತ್ರೆ, ಯಾರಿಗೆ ಹಳೆಯದು ಎಂಬ ಗುಟ್ಟು ಬಿಚ್ಚಿದೆ ಎಂದಿಟ್ಟುಕೊಳ್ಳಿ. ಹೊಸ ಮಾತ್ರೆಯವರಲ್ಲಿ ಕೆಲವರಿಗೆ ಸಕ್ಕರೆ ಇಳಿದೇ ಇಲ್ಲ. ಆಗ ‘ಇವರು ಮಾತ್ರೆ ಸರಿಯಾಗಿ ತೆಗೆದುಕೊಂಡಿರಲಿಲ್ಲ, ಲೆಕ್ಕದಿಂದ ಬಿಡೋಣ’ ಎನ್ನುವುದು ಬಹಳ ಸುಲಭ. ಎದುರು ಗುಂಪಿನಲ್ಲಿ ಅಷ್ಟೇ ಮಾತ್ರೆ ತಪ್ಪಿಸಿ ಸಕ್ಕರೆ ಇಳಿಯದವರನ್ನು ಮಾತ್ರ ಉಳಿಸಿಕೊಳ್ಳುವುದೂ ಸುಲಭ. ಯಾರೂ ಸುಳ್ಳು ಹೇಳಿದಂತೆ ಕಾಣುವುದಿಲ್ಲ, ಔಷಧಿ ಮಾತ್ರ ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಆದ್ದರಿಂದ ಡೀವಿಯೇಶನ್ ಪಟ್ಟಿಯನ್ನು ಕೂತು ನೋಡುವವರಿಗೆ ಯಾರು ಯಾವ ಗುಂಪು ಎಂಬುದು ಗೊತ್ತಿರಬಾರದು. ಯಾರನ್ನು ಯಾವ ಲೆಕ್ಕದಿಂದ ಬಿಡಬೇಕೆಂದು ಗುಟ್ಟು ಬಿಚ್ಚುವ ಮೊದಲೇ ತೀರ್ಮಾನಿಸಿ ಸಹಿ ಹಾಕಿರಬೇಕು. ಇದು 1998ರ ಐ.ಸಿ.ಎಚ್. ಸಂಖ್ಯಾಶಾಸ್ತ್ರ ಮಾರ್ಗಸೂಚಿಯಲ್ಲೇ ಇರುವ ಮಾತು.

ಡೀವಿಯೇಶನ್ ಬೆಳಕಿಗೆ ಬಂದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮಲ್ಲಿ ಬಹುಪಾಲು ಜನರ ತೋಳಿಗೆ ಇಳಿದ ಲಸಿಕೆಯೇ ಉದಾಹರಣೆ. ಪುಣೆಯ ಸೀರಂ ಸಂಸ್ಥೆ ಕೋವಿಶೀಲ್ಡ್ ಎಂದು ತಯಾರಿಸಿದ ಆಕ್ಸ್‌ಫರ್ಡ್–ಆಸ್ಟ್ರಾಜೆನೆಕಾ ಲಸಿಕೆಯ ಬ್ರಿಟನ್ ಟ್ರಯಲ್ಲಿನಲ್ಲಿ, 2020ರಲ್ಲಿ, ಒಂದು ತಂಡಕ್ಕೆ ಮೊದಲ ಡೋಸ್ ಅರ್ಧದಷ್ಟೇ ಹೋಯಿತು. ಲಸಿಕೆಯ ಸಾಂದ್ರತೆ ಅಳೆಯುವ ಎರಡು ವಿಧಾನಗಳು ಬೇರೆ ಬೇರೆ ಅಂಕಿ ಕೊಟ್ಟದ್ದು ಕಾರಣ. ಅದನ್ನು ಮುಚ್ಚಿಡಲಿಲ್ಲ. ಬ್ರಿಟನ್ನಿನ ನಿಯಂತ್ರಕರಿಗೆ ಹೇಳಿ, ಪ್ರೋಟೊಕಾಲಿಗೆ ತಿದ್ದುಪಡಿ ತಂದು, ಆ ತಂಡವನ್ನು ಪ್ರತ್ಯೇಕವಾಗಿ ಗುರುತಿಸಿ ಮುಂದುವರಿಸಿದರು. 2020ರ ನವೆಂಬರ್ 23ರಂದು ಪ್ರಕಟವಾದ ಮೊದಲ ಫಲಿತಾಂಶದಲ್ಲಿ ಎರಡು ಪೂರ್ಣ ಡೋಸ್ ಪಡೆದವರಲ್ಲಿ ಪರಿಣಾಮ ಶೇ. 62, ಅರ್ಧ ಮತ್ತು ಪೂರ್ಣ ಡೋಸ್ ಪಡೆದವರಲ್ಲಿ ಶೇ. 90. ಆ 90 ಹೇಗೆ ಬಂತೆಂಬುದನ್ನು ಅಂದಿನ ಪ್ರಕಟಣೆಯಲ್ಲಿ ಬಿಡಿಸಿ ಹೇಳದಿದ್ದದ್ದು ತಪ್ಪೇ, ಅದರಿಂದ ಹುಟ್ಟಿದ ಅನುಮಾನ ಬಹಳ ದಿನ ಉಳಿಯಿತು. ಆದರೆ ದಾಖಲೆ ಸ್ಪಷ್ಟವಾಗಿದ್ದುದರಿಂದ ಜಗತ್ತಿನ ವಿಜ್ಞಾನಿಗಳು ಪ್ರಶ್ನೆ ಕೇಳಲು ಸಾಧ್ಯವಾಯಿತು. ಅರ್ಧ ಡೋಸಿನವರಲ್ಲಿ 55 ದಾಟಿದವರೇ ಇರಲಿಲ್ಲ. ಅವರ ಎರಡು ಡೋಸ್‌ಗಳ ನಡುವಿನ ಅಂತರವೂ ಹೆಚ್ಚಿತ್ತು. 2021ರ ಆರಂಭದಲ್ಲಿ ಲೆಕ್ಕವನ್ನು ಮತ್ತೆ ನೋಡಿದಾಗ ಅಂತರ 12 ವಾರ ಅಥವಾ ಹೆಚ್ಚಿದ್ದವರಲ್ಲಿ ಪರಿಣಾಮ ಸುಮಾರು ಶೇ. 81, ಆರು ವಾರಕ್ಕಿಂತ ಕಡಿಮೆ ಇದ್ದವರಲ್ಲಿ ಸುಮಾರು ಶೇ. 55 ಎಂದು ಕಂಡುಬಂತು. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮಲ್ಲೂ ಕೋವಿಶೀಲ್ಡ್ ಅಂತರ 12ರಿಂದ 16 ವಾರಕ್ಕೆ ಹೋದದ್ದು ನಿಮಗೆ ನೆನಪಿರಬಹುದು.

ಸ್ಪೇನಿನ ಎಣ್ಣೆ ಹಂಚಿಕೆಯನ್ನೂ ಅದೇ ದಿನ ಬರೆದಿಟ್ಟಿದ್ದರೆ? ಕ್ಲಿನಿಕ್ ಕ್ಲಿನಿಕ್ಕಿಗೇ ಲಾಟರಿ ಹಾಕುವ ಟ್ರಯಲ್‌ಗಳೂ ಇವೆ, ಅವುಗಳಿಗೆ ಬೇರೆ ಲೆಕ್ಕವಿದೆ. ಆ ಕೇಂದ್ರವನ್ನು ಆಗಲೇ ಬೇರೆ ಮಾಡಿ ನೋಡಬಹುದಿತ್ತು. ಐದು ವರ್ಷ ಆದಮೇಲೆ ಹಿಂದೆಗೆದುಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ.

ಹಾಗಾದರೆ ಜನ ಯಾಕೆ ಬರೆಯುವುದಿಲ್ಲ? ಹೆದರಿಕೆಯಿಂದ. ಡೀವಿಯೇಶನ್ ಹೆಚ್ಚು ಬರೆದ ಕೇಂದ್ರವೇ ಕೆಟ್ಟ ಕೇಂದ್ರ ಎಂದು ತಿಳಿಯುವ ಮೇಲಧಿಕಾರಿಗಳಿದ್ದಾರೆ. ಪಟ್ಟಿ ಉದ್ದವಾದರೆ ಮುಂದಿನ ಟ್ರಯಲ್ ಕೊಡುವುದಿಲ್ಲವೇನೋ ಎಂಬ ಅಂಜಿಕೆ ಇರುತ್ತದೆ. ನನಗೆ ಅನ್ನಿಸುವುದು ತದ್ವಿರುದ್ಧ. ಒಂದು ವರ್ಷದಲ್ಲಿ ಒಂದೂ ಡೀವಿಯೇಶನ್ ಬರೆಯದ ಕೇಂದ್ರವನ್ನು ಮಾನಿಟರ್ ಮೊದಲು ಹೋಗಿ ನೋಡಬೇಕು. ರೋಗಿಯನ್ನು ಗದರಿದರೂ ಅಷ್ಟೇ. ತಡವಾಗಿ ಬಂದಿದ್ದಕ್ಕೆ ಅಂದು ನಾನು ಮುಖ ಗಂಟು ಹಾಕಿದ್ದರೆ ಆ ರೈತರು ಮೊಣಕಾಲಿನ ಸೂಜಿಯ ಮಾತನ್ನು ಬಾಯಿ ಬಿಡುತ್ತಿದ್ದರೇ?

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಬಹಳಷ್ಟು ಡೀವಿಯೇಶನ್‌ಗಳ ಬೇರು ಆಸ್ಪತ್ರೆಯಲ್ಲೂ ಇಲ್ಲ, ರೋಗಿಯಲ್ಲೂ ಇಲ್ಲ, ಪ್ರೋಟೊಕಾಲಿನಲ್ಲೇ ಇದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಔಷಧ ಅಧ್ಯಯನ ಕೇಂದ್ರ 2022ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಮೂರನೇ ಹಂತದ ಒಂದು ಟ್ರಯಲ್ಲಿನಲ್ಲಿ ಸರಾಸರಿ ಸುಮಾರು 119 ಡೀವಿಯೇಶನ್‌ಗಳು, ಭಾಗವಹಿಸಿದವರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗದವರನ್ನು ಮುಟ್ಟುತ್ತವೆ. ಮೂರರಲ್ಲಿ ಒಬ್ಬರು ಪಾಲಿಸಲಾಗದ ನಿಯಮವನ್ನು ಬರೆದವರೂ ಒಮ್ಮೆ ಕನ್ನಡಿ ನೋಡಿಕೊಳ್ಳಬೇಕು. ಮೂರು ದಿನದ ಅವಕಾಶ ಎಂದು ಬರೆಯುವ ಮೇಜಿನ ಮುಂದೆ ಮೆಕ್ಕೆಜೋಳದ ಕೊಯ್ಲಾಗಲಿ, ಊರ ಜಾತ್ರೆಯಾಗಲಿ, ದಿನಕ್ಕೆರಡೇ ಬಸ್ಸು ಬರುವ ಹಳ್ಳಿಯಾಗಲಿ ಇರುವುದಿಲ್ಲ. ಚೆನ್ನಾಗಿ ಮಾಡಿದ ಅಸೆಸ್‌ಮೆಂಟ್ ಪ್ಲಾನಿನ ದೊಡ್ಡ ಉಪಕಾರ ಇಲ್ಲಿದೆ. ಎಲ್ಲ ಕೇಂದ್ರಗಳ ಪಟ್ಟಿ ಒಂದೇ ರೀತಿಯಲ್ಲಿ ತುಂಬಿ ಬಂದರೆ, ಒಂದೇ ನಿಯಮ ಎಲ್ಲ ಕಡೆ ಮುರಿಯುತ್ತಿರುವುದು ಬೇಗ ಕಾಣುತ್ತದೆ.

ನಮ್ಮ ಆ ಟ್ರಯಲ್ಲಿನಲ್ಲೂ ಹಾಗೆಯೇ ಆಯಿತು. ಪಟ್ಟಿಯ ಮುಕ್ಕಾಲು ಪಾಲು ನಡುವಿನ ಭೇಟಿಗಳ ತಡ. ಸ್ಪಾನ್ಸರ್ ತಿದ್ದುಪಡಿ ತಂದು, ಎಥಿಕ್ಸ್ ಕಮಿಟಿ ಒಪ್ಪಿ, ನಡುವಿನ ಭೇಟಿಗಳಿಗೆ ಮೂರು ದಿನದ ಬದಲು ಏಳು ದಿನದ ಅವಕಾಶ ಬಂತು. ಬಾಟಲಿಯಲ್ಲಿ ಮಾತ್ರೆಗಳ ಸಂಖ್ಯೆ ಹೆಚ್ಚಾಯಿತು. 24ನೇ ವಾರದ ಕೊನೆಯ ಭೇಟಿಯ ನಿಯಮವನ್ನು ಮಾತ್ರ ಸಡಿಲಿಸಲಿಲ್ಲ, ಸಡಿಲಿಸಬೇಕಾಗಿಯೂ ಇರಲಿಲ್ಲ. ಬೇರೆ ಡಾಕ್ಟರ ಬಳಿ ಹೋದರೆ ಮೊದಲು ನಮಗೆ ಫೋನ್ ಮಾಡಿಸಿ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆದ ಕಾರ್ಡೊಂದನ್ನು ಈಗ ಪ್ರತಿಯೊಬ್ಬರ ಜೇಬಿಗೂ ಹಾಕಿ ಕಳಿಸುತ್ತೇವೆ.

ನಿಮ್ಮ ಮನೆಯವರು ಯಾರಾದರೂ ಟ್ರಯಲ್ಲಿಗೆ ಸೇರಿದ್ದರೆ, ಒಪ್ಪಿಗೆ ಪತ್ರದ ಜೊತೆ ಕೊಟ್ಟ ಮಾಹಿತಿ ಹಾಳೆಯನ್ನು ತೆಗೆದು ನೋಡಿ. ಅದರಲ್ಲಿ ಮುಖ್ಯ ಸಂಶೋಧಕರ ಫೋನ್ ನಂಬರೂ ಇರಬೇಕು, ಎಥಿಕ್ಸ್ ಕಮಿಟಿಯನ್ನು ಸಂಪರ್ಕಿಸುವ ದಾರಿಯೂ ಇರಬೇಕು. ಊರಿನಲ್ಲಿ ತೆಗೆದುಕೊಂಡ ಮಾತ್ರೆ, ಸೂಜಿ, ನಾಟಿ ಔಷಧಿ, ತಪ್ಪಿಸಿದ ಡೋಸು, ಏನಿದ್ದರೂ ಮುಂದಿನ ಭೇಟಿಯವರೆಗೆ ಕಾಯದೆ ಹೇಳಿ. ಖಾಲಿ ಬಾಟಲಿಯನ್ನು ಎಸೆಯದೆ ಮರಳಿ ತನ್ನಿ, ಉಳಿದ ಮಾತ್ರೆಗಳಿದ್ದರೆ ಅವನ್ನೂ. ಎಣಿಸುವುದು ನಿಮ್ಮನ್ನು ಪರೀಕ್ಷೆ ಮಾಡಲಿಕ್ಕಲ್ಲ, ಔಷಧಿಯನ್ನು ಪರೀಕ್ಷೆ ಮಾಡಲಿಕ್ಕೆ.